ಓಡಿಸುವ ಹಲ್ಲು, ನಿಲ್ಲಿಸುವ ಡ್ರಮ್ಮು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನೂ ಅಗಲಿದ ಗುರುಬಂಧುಗಳ ನೆನಪನ್ನೂ ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆ. ಆದುದರಿಂದ ಮಾಜಿ ವಿದ್ಯಾರ್ಥಿಗಳಿಗೆ ನಿತ್ಯದ ಬಾಳಿನಲ್ಲಿ ಪ್ರಯೋಜನಕ್ಕೆ ಬರಬಹುದಾದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಮಕ್ಕಳಲ್ಲಿ ಕೆಲವರು ಶಿರೋಲಿ, ಗೋಕುಳ ಶಿರಗಾಂವಗಳ ಎರಕದ ಕಾರ್ಖಾನೆಗಳಲ್ಲಿದ್ದಾರೆ. ಕೆಲವರು ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಾರೆ. ಕೆಲವರು ಗಡಹಿಂಗ್ಲಜದ ಸುತ್ತ ಒಕ್ಕಲುತನದಲ್ಲಿದ್ದಾರೆ. ಇವರಲ್ಲಿ ಹಲವರ ಮನೆಗಳಲ್ಲಿ ತಂದೆಯವರು ಕೊಂಡ ಹಳೆಯ ಬುಲೆಟ್ ಗಾಡಿ ಇಂದಿಗೂ ಪಡಸಾಲೆಯ ಮುಂದೆ ನಿಂತಿದೆ.

ಇಂಥವರು ಭೇಟಿಯಾದಾಗ ಕೇಳುವ ಪ್ರಶ್ನೆ ಬಹುತೇಕ ಒಂದೇ: “ಗುರುಗಳೇ, ಅಪ್ಪಾರ ಗಾಡಿ ಐತಿ. ಹಿಂದಿನ ಬ್ರೇಕ್ ಹಿಡಿಯಂಗಿಲ್ಲ, ಚೈನೂ ಹಾರತೈತಿ. ಏನ್ ಮಾಡಬೇಕು?” ಬ್ರೇಕಿನ ದೋಷ ಒಂದು, ಚೈನಿನ ದೋಷ ಇನ್ನೊಂದು ಎಂದು ಅವರು ತಿಳಿದಿರುತ್ತಾರೆ. ಹಳೆಯ ಬುಲೆಟ್ಟಿನಲ್ಲಿ ಇವು ಎರಡಲ್ಲ, ಒಂದೇ. ಓಡಿಸುವ ಹಲ್ಲನ್ನು ಮುಟ್ಟಿದವನು ನಿಲ್ಲಿಸುವ ಡ್ರಮ್ಮನ್ನೂ ಮುಟ್ಟಿದಂತೆಯೇ. ಈ ಮಾತನ್ನು ಮರೆತು ಮಾಡಿದ ದುರಸ್ತಿ ಸವಾರನ ಜೀವಕ್ಕೆ ಅಪಾಯ ತರುತ್ತದೆ. ನೆನಪಿನಲ್ಲಿಟ್ಟು ಮಾಡಿದರೆ ತಂದೆಯ ಗಾಡಿ ಮಗನ ಕಾಲಕ್ಕೂ ನಡೆಯುತ್ತದೆ.

ಒಂದೇ ಎರಕದಲ್ಲಿ ಎರಡು ಕೆಲಸ

ಬುಲೆಟ್ ಮೂಲತಃ ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯ ಗಾಡಿ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾದ ಮೇಲೆ ನಮ್ಮ ದೇಶದಲ್ಲಿಯೇ ಅದರ ಜೋಡಣೆಯೂ ಮುಂದೆ ತಯಾರಿಕೆಯೂ ನಡೆದವು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ಇರುವ ಆ ಹಳೆಯ ಮಾದರಿಯಲ್ಲಿ ಚೈನು ಎಡಬದಿಗೆ ಇರುತ್ತದೆ, ಹಿಂದಿನ ಬ್ರೇಕಿನ ಡ್ರಮ್ಮೂ ಎಡಬದಿಗೇ ಇರುತ್ತದೆ. ತಯಾರಕರು ಜಾಗ ಮತ್ತು ಖರ್ಚು ಉಳಿಸಲು ಡ್ರಮ್ಮಿನ ಹೊರಸುತ್ತಿಗೇ 38 ಹಲ್ಲುಗಳನ್ನು ಕೊರೆದು, ಎರಡನ್ನೂ ಒಂದೇ ಎರಕದ ತುಂಡಾಗಿ ಮಾಡಿದರು. ಒಳಗೆ 6 ಇಂಚು ವ್ಯಾಸದ ಬ್ರೇಕಿನ ಮೈ, ಹೊರಗೆ ಚೈನಿನ ಹಲ್ಲು.

ಈ ತುಂಡು ಗಾಲಿಯ ನಡುಭಾಗಕ್ಕೆ ನೇರವಾಗಿ ಬಿಗಿದಿರುವುದಿಲ್ಲ. ನಡುವೆ ರಬ್ಬರಿನ ತುಂಡುಗಳಿರುತ್ತವೆ. ಎಂಜಿನ್ನಿನ ಪ್ರತಿ ಹೊಡೆತದ ಧಕ್ಕೆಯನ್ನು ಮೆತ್ತಗೆ ಮಾಡಿ ಗಾಲಿಗೆ ಕೊಡುವುದು ಇವುಗಳ ಕೆಲಸ. ಡ್ರಮ್ಮೂ ಹಲ್ಲೂ ಒಂದೇ ಆದುದರಿಂದ, ಬ್ರೇಕು ತುಳಿದಾಗಿನ ತಡೆಯೂ ಇದೇ ರಬ್ಬರಿನ ಮೂಲಕವೇ ಗಾಲಿಗೆ ಮುಟ್ಟುತ್ತದೆ. ರಬ್ಬರು ಸವೆದರೆ ವೇಗ ಕೊಟ್ಟಾಗಲೂ ಬ್ರೇಕು ಹಿಡಿದಾಗಲೂ ‘ಟಕ್’ ಎಂಬ ಸಪ್ಪಳ ಬರುತ್ತದೆ. ಹಿಂದಿನ ಗಾಲಿಯ ಕೆಲಸಕ್ಕೆ ಕೈ ಹಚ್ಚಿದಾಗ ರಬ್ಬರು ಬದಲಿಸುವುದನ್ನು ಬಿಡಬಾರದು.

ನಮ್ಮ ನಾಡಿನದೇ ಗಾಡಿಯಾದ ಜಾವಾವನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ನಡೆಯಿತು. ಅಲ್ಲಿಯ ಗಾಡಿಯಲ್ಲಿ ಬ್ರೇಕಿನ ಡ್ರಮ್ಮು ಗಾಲಿಯ ನಡುಭಾಗದಲ್ಲಿ, ಹಲ್ಲುಚಕ್ರ ಬೇರೆ ತುಂಡಿನಲ್ಲಿ. ಗಾಲಿ ಕಳಚಿದರೂ ಚೈನು ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ; ಚೈನಿಗೆ ಪೂರ್ತಿ ಮುಚ್ಚಿಗೆಯೂ ಇದೆ. ಹಲ್ಲು ಸವೆದರೆ ಹಲ್ಲನ್ನು ಮಾತ್ರ ಬದಲಿಸಿದರೆ ಸಾಕು. ಬುಲೆಟ್ಟಿನಲ್ಲಿ ಹಾಗಲ್ಲ: ಹಲ್ಲು ಸವೆದರೆ ಒಳ್ಳೆಯ ಡ್ರಮ್ಮೂ ಮೂಲೆಗೆ ಹೋಗಬೇಕು, ಡ್ರಮ್ಮು ಗೀರಿದರೆ ಒಳ್ಳೆಯ ಹಲ್ಲೂ ಮೂಲೆಗೆ ಹೋಗಬೇಕು.

ಬೀಡು ಮತ್ತು ಉಕ್ಕು

ಎರಕದ ಕಬ್ಬಿಣಕ್ಕೆ ನಾವು ಬೀಡು ಎನ್ನುತ್ತೇವೆ. ಮರಾಠಿಗರೂ ಅದೇ ಹೆಸರಿನಿಂದ ಕರೆಯುತ್ತಾರೆ. ಕಬ್ಬಿನ ಗಾಣ, ನೀರೆತ್ತುವ ಎಂಜಿನ್ನುಗಳ ಬಿಡಿಭಾಗ ಎರಕ ಹೊಯ್ಯುತ್ತ ಬೆಳೆದ ಕೊಲ್ಹಾಪುರದಲ್ಲಿ ಬೀಡಿನ ಗುಣ ಗೊತ್ತಿರುವವರಿಗೆ ಕೊರತೆಯಿಲ್ಲ. ಅದರಲ್ಲಿ ಪ್ರತಿಶತ 3ಕ್ಕೂ ಮೇಲ್ಪಟ್ಟು ಇಂಗಾಲವಿದ್ದು, ಅದರ ಬಹುಭಾಗ ಸಣ್ಣ ಸಣ್ಣ ಪದರುಗಳಾಗಿ ಲೋಹದ ನಡುವೆ ಹರಡಿರುತ್ತದೆ. ಈ ಪದರುಗಳಿಂದ ಬೀಡು ಕಾವನ್ನು ಬೇಗ ಹೀರಿ ಹರಡುತ್ತದೆ, ಕಂಪನವನ್ನು ನುಂಗುತ್ತದೆ, ಉಜ್ಜಿದಾಗ ಹರಿದುಹೋಗದೆ ನಯವಾಗಿ ಸವೆಯುತ್ತದೆ. ಬ್ರೇಕಿನ ಡ್ರಮ್ಮಿಗೆ ಬೇಕಾದ ಗುಣಗಳು ಇವೇ.

ಆದರೆ ಇದೇ ಪದರುಗಳು ಎಳೆತಕ್ಕೂ ಬಾಗುವಿಕೆಗೂ ಶತ್ರು. ಒತ್ತಿದರೆ ಬೀಡು ಬಹಳ ತಾಳುತ್ತದೆ. ಎಳೆದರೆ ಅಥವಾ ಬಾಗಿಸಿದರೆ ಪದರಿನ ಅಂಚಿನಿಂದ ಸೀಳುತ್ತದೆ. ಚೈನು ಹಲ್ಲನ್ನು ಎಳೆಯುವಾಗ ಹಲ್ಲಿನ ಬುಡಕ್ಕೆ ಬೀಳುವುದು ಬಾಗಿಸುವ ಬಲವೇ. ಹಲ್ಲಿಗೆ ಹೊಂದುವುದು ಉಕ್ಕು. ನಮ್ಮ ಲೇತ್ ಅಂಗಡಿಗಳಲ್ಲಿ ಇ.ಎನ್. 8 ಎಂದು ಕರೆಯುವ, ಸುಮಾರು 0.4 ಪ್ರತಿಶತ ಇಂಗಾಲದ ಉಕ್ಕಿನಲ್ಲಿ ಹಲ್ಲು ಕೊರೆದು ಮೇಲ್ಮೈಯನ್ನು ಗಟ್ಟಿಗೊಳಿಸಿದರೆ, ಅದು ಬೀಡಿನ ಹಲ್ಲಿಗಿಂತ ಬಹಳ ಕಾಲ ಬಾಳುತ್ತದೆ. ಹಿಂದಿನ ಗಾಲಿಯ ಸುಧಾರಣೆಯ ತಿರುಳು ಇಷ್ಟೇ: ಬ್ರೇಕಿನ ಮೈ ಬೀಡಿನದಾಗಿಯೇ ಉಳಿಯಲಿ, ಚೈನಿನ ಹಲ್ಲು ಉಕ್ಕಿನದಾಗಲಿ.

ಈ ಗಡಿನಾಡಿನ ಕಬ್ಬಿಣದ ಉದ್ಯೋಗ ಚೈನು ಮತ್ತು ಹಲ್ಲಿನಿಂದಲೇ ಮೊದಲಾಯಿತು ಎಂದರೆ ಅತಿಶಯೋಕ್ತಿಯಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸಾಯಕಲ್ ಅಂಗಡಿ. ಅಲ್ಲಿಂದ ಕಬ್ಬಿಣದ ನೇಗಿಲಿಗೆ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಆ ಕೆಲಸ ಬೆಳೆಯಿತು.

ನೆಲ ಕೊಟ್ಟಷ್ಟೇ ಬ್ರೇಕು

ಹಿಂದಿನ ಬ್ರೇಕು ಸುಧಾರಿಸಬೇಕೆನ್ನುವವರು ಮೊದಲು ಕೇಳುವುದು ದೊಡ್ಡ ಡ್ರಮ್ಮು ಅಥವಾ ಡಿಸ್ಕ್ ಬ್ರೇಕು. ಅದಕ್ಕೆ ಮುಂಚೆ ಗಾಡಿ ಹೇಗೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ಎಂಟನೆಯ ಇಯತ್ತೆಯ ಗಣಿತ ಸಾಕು.

ಗಾಡಿಯ ತೂಕ 170 ಕಿಲೋ, ಸವಾರನ ತೂಕ 70 ಕಿಲೋ, ಒಟ್ಟು 240 ಕಿಲೋ ಎಂದು ಹಿಡಿಯೋಣ. ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 14,800 ಜೂಲ್. 60ರ ವೇಗದಲ್ಲಿ ಸುಮಾರು 33,300 ಜೂಲ್. ವೇಗ ಒಂದೂವರೆಪಟ್ಟು ಆದರೆ ಶಕ್ತಿ ಎರಡೂಕಾಲು ಪಟ್ಟು. ನಿಲ್ಲಿಸುವುದೆಂದರೆ ಇಷ್ಟನ್ನೂ ಕಾವಾಗಿ ಮಾರ್ಪಡಿಸುವುದು.

ಇನ್ನು ಭಾರದ ಮಾತು. ನಿಂತಾಗ ಹಿಂದಿನ ಗಾಲಿಯ ಮೇಲೆ ಸುಮಾರು 130 ಕಿಲೋ ಇದೆ ಎಂದು ಹಿಡಿದರೆ, ಬ್ರೇಕು ತುಳಿದೊಡನೆ ಭಾರ ಮುಂದಕ್ಕೆ ವಾಲುತ್ತದೆ. ಎರಡು ಗಾಲಿಗಳ ನಡುವಿನ ಅಂತರ 1.37 ಮೀಟರ್, ಭಾರದ ಕೇಂದ್ರ ನೆಲದಿಂದ 0.6 ಮೀಟರ್ ಎತ್ತರ ಎಂದು ಅಂದಾಜು ಮಾಡಿದರೆ, ಸಾಧಾರಣ ಗಟ್ಟಿ ಬ್ರೇಕು ಹಾಕಿದಾಗ ಹಿಂದಿನ ಗಾಲಿಯ ಮೇಲೆ ಉಳಿಯುವುದು ಸುಮಾರು 77 ಕಿಲೋ; ಮುಂದೆ 163 ಕಿಲೋ. ಭಾರವಿಲ್ಲದ ಗಾಲಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಇದೇ ಅಂದಾಜಿನಂತೆ ಒಣ ಡಾಂಬರು ರಸ್ತೆಯಲ್ಲಿ 60ರ ವೇಗದಿಂದ ಹಿಂದಿನ ಬ್ರೇಕು ಒಂದರಿಂದಲೇ ನಿಲ್ಲಲು, ಗಾಲಿ ಜಾರದಂತೆ ಅತಿ ಜಾಣತನದಿಂದ ತುಳಿದರೂ, ಸುಮಾರು 49 ಮೀಟರ್ ಬೇಕು. ಎರಡೂ ಬ್ರೇಕುಗಳನ್ನು ಸರಿಯಾಗಿ ಬಳಸಿದರೆ ಸುಮಾರು 24 ಮೀಟರ್ ಸಾಕು. ಕಣ್ಣು ಕಂಡು ಕಾಲು ತುಳಿಯುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ 17 ಮೀಟರ್ ಸೇರಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಸಂಜೆಗತ್ತಲೆಯಲ್ಲಿ ಹಿಂದೀಪವಿಲ್ಲದ ಟ್ರಾಲಿ ಎದುರಾದಾಗ ಈ 25 ಮೀಟರಿನ ಅಂತರವೇ ಒಂದು ಮನೆತನದ ಭವಿಷ್ಯ ಆಗಬಹುದು.

ಈ ಲೆಕ್ಕದಿಂದ ಎರಡು ಮಾತು ಸಿದ್ಧವಾಗುತ್ತವೆ. ಮೊದಲನೆಯದು, ಮುಂದಿನ ಬ್ರೇಕು ಸರಿಯಿಲ್ಲದ ಗಾಡಿಗೆ ಹಿಂದಿನ ಬ್ರೇಕಿನ ಸುಧಾರಣೆ ಮಾಡುವುದು ಬೇರು ಒಣಗಿದ ಗಿಡದ ಎಲೆಗೆ ನೀರು ಹೊಯ್ದಂತೆ. ಎರಡನೆಯದು, ಹಿಂದಿನ ಬ್ರೇಕಿಗೆ ಬೇಕಾದದ್ದು ಹೆಚ್ಚಿನ ಶಕ್ತಿ ಅಲ್ಲ, ಸಮನಾದ ಹಿಡಿತ. ಗಾಲಿ ಸುತ್ತಿದಂತೆ ಒಮ್ಮೆ ಹಿಡಿದು ಒಮ್ಮೆ ಬಿಡುವ ಬ್ರೇಕು ಮಳೆಗಾಲದ ರಸ್ತೆಯಲ್ಲಿ ಗಾಡಿಯನ್ನು ಅಡ್ಡ ಬೀಳಿಸುತ್ತದೆ. 2019ರ ಏಪ್ರಿಲಿನಿಂದ 125 ಸಿ.ಸಿ. ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ ಗಾಲಿ ಜಾರದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ನಮ್ಮ ಹಳೆಯ ಗಾಡಿಗೆ ಸವಾರನ ಪಾದವೇ ಎ.ಬಿ.ಎಸ್. ಆ ಪಾದಕ್ಕೆ ಬ್ರೇಕಿನ ಹದ ತಿಳಿಯಬೇಕಾದರೆ ಡ್ರಮ್ಮು ದುಂಡಗಿರಬೇಕು.

ಹಲ್ಲಿನ ಲೆಕ್ಕ

ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಿತು. ಅಲ್ಲಿಯ ನೇಕಾರನಿಗೆ ಹಲ್ಲಿನ ಲೆಕ್ಕ ಹೊಸದಲ್ಲ. ಬಟ್ಟೆಯಲ್ಲಿ ಇಂಚಿಗೆ ಇಷ್ಟು ಹೊಕ್ಕು ಬೇಕೆಂದರೆ ಅವನು ಮಗ್ಗದ ಚೇಂಜ್ ವ್ಹೀಲ್ ಬದಲಿಸುತ್ತಾನೆ. ಹಲ್ಲು ಬದಲಾದರೆ ಬಟ್ಟೆಯೇ ಬದಲಾಗುತ್ತದೆ. ಗಾಡಿಯಲ್ಲಿಯೂ ಅದೇ ನ್ಯಾಯ.

350 ಸಿ.ಸಿ. ಹಳೆಯ ಬುಲೆಟ್ಟಿನ ಗೇರುಪೆಟ್ಟಿಗೆಯ ಚಿಕ್ಕ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 16 ಹಲ್ಲು, ಹಿಂದೆ 38. ಅಂದರೆ ಚಿಕ್ಕ ಚಕ್ರ 2.375 ಸಲ ಸುತ್ತಿದಾಗ ಗಾಲಿ ಒಂದು ಸಲ ಸುತ್ತುತ್ತದೆ. ಹೆದ್ದಾರಿಯಲ್ಲಿ ಎಂಜಿನ್ನು ಹಗುರಾಗಿ ಓಡಲಿ ಎಂದು ಅನೇಕರು ಚಿಕ್ಕ ಚಕ್ರಕ್ಕೆ 17 ಅಥವಾ 18 ಹಲ್ಲು ಹಾಕಿಸುತ್ತಾರೆ. 17 ಹಾಕಿದರೆ ಎಂಜಿನ್ನಿನ ಅದೇ ಸುತ್ತಿಗೆ ಗಾಡಿಯ ವೇಗ ಪ್ರತಿಶತ 6ಕ್ಕಿಂತ ಸ್ವಲ್ಪ ಹೆಚ್ಚುತ್ತದೆ. 18 ಹಾಕಿದರೆ ಪ್ರತಿಶತ 12.5. ಇದು ಲಾಭದ ಬದಿ.

ನಷ್ಟದ ಬದಿಯನ್ನು ಯಾರೂ ಹೇಳುವುದಿಲ್ಲ. 18 ಹಲ್ಲಿನಿಂದ ಗಾಲಿಗೆ ಸಿಗುವ ಎಳೆತ ಒಂಬತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ. ಏರಿನಲ್ಲಿ ಇದು ಕೂಡಲೇ ತಿಳಿಯುತ್ತದೆ. ಇಳಿಜಾರಿನಲ್ಲಿ ತಿಳಿಯುವುದು ತಡವಾಗಿ: ವೇಗದ ಹಿಡಿ ಬಿಟ್ಟಾಗ ಎಂಜಿನ್ನು ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲವೂ ಕನಿಷ್ಠ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಎಂಜಿನ್ನು ಬಿಟ್ಟುಕೊಟ್ಟ ಆ ಕೆಲಸ ಬ್ರೇಕಿನ ಡ್ರಮ್ಮಿನ ಮೇಲೆ ಬೀಳುತ್ತದೆ.

ಅದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಒಂದು ಲೆಕ್ಕ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮಾರ್ಗವಾಗಿ ಸಾವಂತವಾಡಿಗೆ ಹೋಗುವವರು ಅಂಬೋಲಿ ಘಾಟು ಇಳಿಯುತ್ತಾರೆ. ಕೊಲ್ಹಾಪುರದಿಂದ ಕೊಂಕಣಕ್ಕೆ ಹೋಗುವವರು ಗಗನಬಾವಡಾದ ಕರೂಳ ಘಾಟನ್ನೋ ರತ್ನಾಗಿರಿ ದಾರಿಯ ಅಂಬಾ ಘಾಟನ್ನೋ ಇಳಿಯುತ್ತಾರೆ. ಯಾವುದೇ ಘಾಟಿನಲ್ಲಿ 100 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ, 60ರ ವೇಗದಿಂದ ಏಳು ಸಲ ಪೂರ್ತಿ ನಿಲ್ಲಿಸಿದಷ್ಟು. ಹಿಂದೆ ಒಬ್ಬರು ಕುಳಿತು ಒಟ್ಟು ತೂಕ 310 ಕಿಲೋ ಆದರೆ, ಆ ಶಕ್ತಿ ಮೂರು ಲಕ್ಷ ಜೂಲಿಗೂ ಹೆಚ್ಚು. ಡ್ರಮ್ಮಿನ ತೂಕ 4 ಕಿಲೋ ಎಂದು ಊಹಿಸಿ, ಅದಿಷ್ಟೂ ಹಿಂದಿನ ಡ್ರಮ್ಮೊಂದಕ್ಕೇ ಬಿದ್ದು ಗಾಳಿಗೆ ಆರದೆ ಉಳಿದರೆ, ಅದರ ಕಾವು 160 ಅಂಶಕ್ಕಿಂತ ಮೇಲೇರಬೇಕು. ವಾಸ್ತವದಲ್ಲಿ ಎಂಜಿನ್ನು, ಗಾಳಿ, ಮುಂದಿನ ಬ್ರೇಕುಗಳು ಪಾಲು ಹಂಚಿಕೊಳ್ಳುತ್ತವೆ ಎಂಬುದೇ ಸಮಾಧಾನ. ಪಾಲು ಹಂಚದಿದ್ದರೆ ಕಾದ ಲೈನಿಂಗಿನ ಹಿಡಿತ ಇಳಿಯುತ್ತದೆ, ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಕೆಳಗೆ ಹೋಗುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನ ಹಿಂದಿರುವ ವಿಜ್ಞಾನ ಇದು.

ಆದುದರಿಂದ ಘಾಟಿನ ದಾರಿಯವರು, ಹಿಂದೆ ಮನೆಯವರನ್ನು ಕೂರಿಸಿಕೊಂಡು ಹೋಗುವವರು 16ನ್ನೇ ಉಳಿಸಿಕೊಳ್ಳುವುದು ಮೇಲು. ಕೊಲ್ಹಾಪುರ–ಬೆಳಗಾವಿ ಹೆದ್ದಾರಿಯಲ್ಲಿ ಒಬ್ಬರೇ ಓಡಾಡುವವರು 17 ಹಾಕಿಸಬಹುದು. 18 ಹಾಕಿಸುವವರು ಮೊದಲು ಎರಡೂ ಬ್ರೇಕುಗಳನ್ನು ಸರಿಪಡಿಸಿಕೊಳ್ಳಲಿ. ಚಿಕ್ಕ ಚಕ್ರ ಬದಲಿಸಲು ಎಡಬದಿಯ ಎಂಜಿನ್ ಚೈನಿನ ಪೆಟ್ಟಿಗೆ ಮತ್ತು ಕ್ಲಚ್ಚನ್ನು ಬಿಚ್ಚಬೇಕಾಗುವುದರಿಂದ, ಎಷ್ಟು ಹಲ್ಲು ಎಂಬುದನ್ನು ಮೊದಲೇ ನಿಶ್ಚಯಿಸುವುದು ಒಳಿತು.

ಕೆಲಸದ ಕ್ರಮ

ಮೊದಲು ಚೈನಿನ ಪರೀಕ್ಷೆ. ಬುಲೆಟ್ಟಿನ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿಲಿಮೀಟರ್. ಚೈನನ್ನು ಬಿಗಿಯಾಗಿ ಎಳೆದು 20 ಅಂತರಗಳನ್ನು ಅಳೆದರೆ ಹೊಸತರಲ್ಲಿ 317.5 ಮಿ.ಮೀ. ಇರುತ್ತದೆ. ಅದು 324 ಮುಟ್ಟಿದ್ದರೆ ಚೈನು ಪ್ರತಿಶತ 2ರಷ್ಟು ಉದ್ದವಾಗಿದೆ. ಅದರ ಆಯುಷ್ಯ ತೀರಿತು. ಉದ್ದವಾದ ಚೈನು ಹಲ್ಲಿನ ತುದಿಯ ಕಡೆಗೆ ಏರಿ ಕೂತು ಹಲ್ಲನ್ನು ಕೊಕ್ಕೆಯಂತೆ ಮಾಡುತ್ತದೆ. ಕೊಕ್ಕೆ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸ ಚೈನೂ ಬೇಗ ಹಾಳಾಗುತ್ತದೆ. ಮುಂದಿನ ಹಲ್ಲು, ಹಿಂದಿನ ಹಲ್ಲು, ಚೈನು ಈ ಮೂರನ್ನೂ ಕೂಡಿಯೇ ಬದಲಿಸಬೇಕು.

ಹಿಂದಿನ ಹಲ್ಲು ಸವೆದಿದ್ದರೆ ಮೂರು ದಾರಿಗಳಿವೆ. ಒಂದು, ಮೂಲದಂತೆಯೇ ಒಂದೇ ತುಂಡಿನ ಹೊಸ ಡ್ರಮ್ಮು ತಂದು ಹಾಕುವುದು. ಇದು ಸುಲಭ, ಗಾಡಿಯ ಮೂಲರೂಪವೂ ಉಳಿಯುತ್ತದೆ. ಎರಡು, ಹಲ್ಲುಚಕ್ರವನ್ನು ಬೋಲ್ಟಿನಿಂದ ಬಿಗಿಯುವಂತೆ ಬೇರೆಯಾಗಿಯೇ ತಯಾರಿಸಿದ ಡ್ರಮ್ಮು ಹಾಕುವುದು. ಮೂರು, ಇದ್ದ ಡ್ರಮ್ಮಿನ ಹಲ್ಲುಗಳನ್ನು ಲೇತಿನಲ್ಲಿ ತೆಗೆದು ಅದರ ಸುತ್ತ ಉಕ್ಕಿನ ಹಲ್ಲಿನ ಬಳೆ ಕೂಡಿಸುವುದು. ಡ್ರಮ್ಮಿನ ಒಳಮೈ ಚೆನ್ನಾಗಿದ್ದು ಬಿರುಕಿಲ್ಲದಿದ್ದರೆ ಮಾತ್ರ ಮೂರನೆಯ ದಾರಿ.

ಈ ಮೂರನೆಯ ದಾರಿಯಲ್ಲಿ ಲೋಹ ಎಷ್ಟು ಉಳಿಯುತ್ತದೆ ಎಂಬ ಎಚ್ಚರ ಬೇಕು. 38 ಹಲ್ಲಿನ ಚಕ್ರದಲ್ಲಿ ಚೈನಿನ ಪಿನ್ನುಗಳು ಕೂಡುವ ವೃತ್ತದ ವ್ಯಾಸ ಸುಮಾರು 192 ಮಿ.ಮೀ.; ಹಲ್ಲಿನ ಬುಡದ ವ್ಯಾಸ ಸುಮಾರು 182. ಬ್ರೇಕಿನ ಒಳವ್ಯಾಸ 152.4. ಹೀಗಾಗಿ ಬ್ರೇಕಿನ ಮೈಯಿಂದ ಹಲ್ಲಿನ ಬುಡಕ್ಕೆ ಇರುವುದು ಸುಮಾರು 15 ಮಿ.ಮೀ. ಮಾತ್ರ. ಇದರಲ್ಲಿಯೇ ಡ್ರಮ್ಮಿನ ಗೋಡೆಯೂ ಬಳೆಯೂ ಹೊಂದಬೇಕು. ಹಿಂದೆ 36 ಹಲ್ಲು ಮಾಡಿದರೆ ಇನ್ನೂ 5 ಮಿ.ಮೀ. ಕಡಿಮೆಯಾಗುತ್ತದೆ. ವೇಗಕ್ಕಾಗಿ ಹಿಂದಿನ ಹಲ್ಲು ಇಳಿಸುವವರು ಡ್ರಮ್ಮಿನ ಗೋಡೆಯನ್ನೇ ಕಳೆದುಕೊಳ್ಳುತ್ತಾರೆ. ಆ ಬದಲಾವಣೆಯನ್ನು ಮುಂದಿನ ಚಿಕ್ಕ ಚಕ್ರದಲ್ಲಿಯೇ ಮಾಡಬೇಕು.

ಬಳೆ ಕೂಡಿಸುವ ರೀತಿ ನಮ್ಮ ಹಳ್ಳಿಯ ಕಮ್ಮಾರರಿಗೆ ತಿಳಿದದ್ದೇ. ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಸಿ ಏರಿಸಿ ನೀರು ಹಾಕಿದಾಗ ಅದು ಕುಗ್ಗಿ ಗಾಲಿಯನ್ನು ಅಪ್ಪುವಂತೆ, ಉಕ್ಕಿನ ಬಳೆಯನ್ನು ಹದವಾಗಿ ಕಾಸಿ ಡ್ರಮ್ಮಿನ ಮೇಲೆ ಇಳಿಸಿ ತಾನಾಗಿ ಆರಲು ಬಿಡಬೇಕು. ಇಲ್ಲಿ ನೀರು ಹಾಕಕೂಡದು. ಬಳೆಯ ಅಪ್ಪುಗೆಯಿಂದ ಬೀಡಿನ ಮೇಲೆ ಬೀಳುವುದು ಒತ್ತುವ ಬಲ. ಅದನ್ನು ಬೀಡು ಚೆನ್ನಾಗಿ ತಾಳುತ್ತದೆ. ಓಡುವಾಗ ಡ್ರಮ್ಮು ಒಳಗಿನಿಂದ ಕಾಯುವುದರಿಂದ ಅಪ್ಪುಗೆ ಸಡಿಲಾಗದೆ ಬಿಗಿಯಾಗುತ್ತದೆ. ಆದರೂ ಬಳೆ ಸುತ್ತಿ ಜಾರದಂತೆ ಎರಡರ ಸಂದಿಯಲ್ಲಿ ಅಡ್ಡಪಿನ್ನುಗಳನ್ನು ಇಲ್ಲವೆ ಬೋಲ್ಟುಗಳನ್ನು ಹಾಕಲೇಬೇಕು. ಬೋಲ್ಟು ಹಾಕುವುದಾದರೆ ಅವು 8.8 ದರ್ಜೆಯವಾಗಿರಲಿ. ಬಳೆಯನ್ನು ಮಧ್ಯಕ್ಕೆ ಹಿಡಿಯುವ ಕೆಲಸ ಡ್ರಮ್ಮಿನಲ್ಲಿ ಕೊರೆದ ಮೆಟ್ಟಿಲಿನದು. ಅದನ್ನು ಬೋಲ್ಟಿಗೆ ಬಿಡಬಾರದು.

ಲೇತಿನ ಮಿಸ್ತ್ರಿಗೆ ಮೂರು ಮಾತು ತಪ್ಪದೆ ಹೇಳಬೇಕು. ತುಂಡನ್ನು ಲೇತಿನಲ್ಲಿ ಹಿಡಿಯುವಾಗ ಬೇರಿಂಗ್ ಕೂಡುವ ರಂಧ್ರವನ್ನೇ ಮಧ್ಯವೆಂದು ಹಿಡಿಯಬೇಕು, ಸವೆದ ಹೊರಮೈಯನ್ನಲ್ಲ. ಹಲ್ಲಿನ ದಪ್ಪ ಚೈನಿನ ಒಳಅಗಲಕ್ಕಿಂತ ಸ್ವಲ್ಪ ಕಡಿಮೆಯಿರಬೇಕು, ಹಲ್ಲು ಮೂಲದ ಸ್ಥಾನದಲ್ಲಿಯೇ ನಿಲ್ಲಬೇಕು. ಇಲ್ಲವಾದರೆ ಚೈನು ಓರೆಯಾಗಿ ಓಡುತ್ತದೆ. ಬ್ರೇಕಿನ ಒಳಮೈಯನ್ನು ಕೊನೆಗೆ ಕೊರೆಯಬೇಕು, ಏಕೆಂದರೆ ಬಳೆಯ ಅಪ್ಪುಗೆಯಿಂದ ಡ್ರಮ್ಮು ಕೂದಲೆಳೆಯಷ್ಟು ಕುಗ್ಗಿರುತ್ತದೆ. ಮೊದಲೇ ಕೊರೆದರೆ ಆ ದುಂಡುತನ ಉಳಿಯುವುದಿಲ್ಲ. ಕೊರೆಯುವುದೂ ಗೀರು ಹೋಗುವಷ್ಟು ಮಾತ್ರ, ಏಕೆಂದರೆ ತೆಳುವಾದ ಡ್ರಮ್ಮು ಬೇಗ ಕಾಯುತ್ತದೆ.

ಒಂದು ಕೆಲಸವನ್ನು ಮಾತ್ರ ಎಂದಿಗೂ ಮಾಡಿಸಬಾರದು. ಸವೆದ ಹಲ್ಲಿನ ಮೇಲೆ ವೆಲ್ಡಿಂಗ್ ಏರಿಸಿ ಅರದಿಂದ ತಿದ್ದಿಕೊಡುವವರು ದಾರಿಯ ಬದಿಗೆ ಸಿಗುತ್ತಾರೆ; ಅಗ್ಗವೂ ಆಗುತ್ತದೆ. ಬೀಡಿಗೆ ವೆಲ್ಡಿಂಗಿನ ಕಾವು ತಾಗಿ ಬೇಗ ಆರಿದಾಗ ಆ ಅಂಚಿನಲ್ಲಿ ಲೋಹ ಗಾಜಿನಂತೆ ಪೆಡಸಾಗುತ್ತದೆ. ಕಣ್ಣಿಗೆ ಕಾಣದ ಬಿರುಕು ಅಲ್ಲಿಂದ ಬ್ರೇಕಿನ ಮೈಗೆ ಇರುವ ಆ 15 ಮಿ.ಮೀ. ದಾಟಲು ಬಹಳ ಕಾಲ ಬೇಡ. ಹಲ್ಲು ಮುರಿದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ಡ್ರಮ್ಮು ಸೀಳಿದರೆ ಗಾಡಿ ನಿಲ್ಲುವುದೇ ಇಲ್ಲ.

ಬ್ರೇಕಿನ ಒಳಗೆ

ಡ್ರಮ್ಮಿನ ಒಳಗೆ ಎರಡು ಶೂಗಳು, ಒಂದು ಬದಿಗೆ ಅವುಗಳ ಆಧಾರದ ಗೂಟ, ಇನ್ನೊಂದು ಬದಿಗೆ ಅವನ್ನು ಅಗಲಿಸುವ ಕ್ಯಾಮು. ಗಾಲಿ ತಿರುಗುವ ದಿಕ್ಕಿನಿಂದಾಗಿ ಒಂದು ಶೂವನ್ನು ಡ್ರಮ್ಮೇ ತನ್ನತ್ತ ಎಳೆದುಕೊಳ್ಳುತ್ತದೆ. ಇನ್ನೊಂದನ್ನು ದೂರ ತಳ್ಳುತ್ತದೆ. ಮೊದಲನೆಯದು ಹೆಚ್ಚು ಕೆಲಸ ಮಾಡುತ್ತದೆ, ಎರಡನೆಯದು ಕಡಿಮೆ. ಹಿಂದಿನ ಗಾಲಿಗೆ ಈ ಏರ್ಪಾಡೇ ಸರಿ. ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಸರಿದರೂ ಅದು ಹಿಡಿಯುತ್ತದೆ.

ಹೊಸ ಲೈನಿಂಗ್ ಹಾಕಿದ ಶೂಗಳು ಡ್ರಮ್ಮಿನ ದುಂಡಿಗೆ ಪೂರ್ತಿ ಹೊಂದಬೇಕು. ಸೀಮೆಸುಣ್ಣವನ್ನು ಡ್ರಮ್ಮಿಗೆ ಉಜ್ಜಿ, ಗಾಲಿ ಸುತ್ತಿಸಿ ಬ್ರೇಕು ಹಿಡಿದರೆ ಲೈನಿಂಗ್ ಎಲ್ಲಿ ತಾಗುತ್ತದೆ ಎಂಬುದು ಬಿಳಿ ಗುರುತಿನಿಂದ ತಿಳಿಯುತ್ತದೆ. ತಾಗಿದ ಎತ್ತರದ ಜಾಗವನ್ನು ಉಜ್ಜಿ ಇಳಿಸುತ್ತ ಮುಕ್ಕಾಲು ಭಾಗವಾದರೂ ತಾಗುವಂತೆ ಮಾಡಬೇಕು. ಲೈನಿಂಗಿನ ಅಂಚುಗಳನ್ನು ಸ್ವಲ್ಪ ಓರೆಯಾಗಿ ಉಜ್ಜಿದರೆ ಕಿರುಚುವುದು ನಿಲ್ಲುತ್ತದೆ. ಗಾಲಿ ಕೂಡಿಸುವಾಗ ಆಕ್ಸಲ್ ನಟ್ಟನ್ನು ಬಿಗಿಯುವ ಮುನ್ನ ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿದು, ಶೂಗಳು ತಾವಾಗಿ ಮಧ್ಯಕ್ಕೆ ಬಂದ ಮೇಲೆ ನಟ್ಟು ಬಿಗಿಯಬೇಕು. ಖರ್ಚಿಲ್ಲದ ಈ ಒಂದು ಕೆಲಸದಿಂದ ಬ್ರೇಕಿನ ಹಿಡಿತದಲ್ಲಿ ಆಗುವ ಅಂತರ ಆಶ್ಚರ್ಯಕರ.

ಪೆಡಲು ಪೂರ್ತಿ ತುಳಿದಾಗ ಬ್ರೇಕಿನ ಸಲಾಕೆಗೂ ಡ್ರಮ್ಮಿನ ಮೇಲಿನ ತೋಳಿಗೂ ನಡುವೆ ಕಾಟಕೋನವಿರಬೇಕು. ಅದನ್ನು ಮೀರಿ ತೋಳು ತಿರುಗುತ್ತಿದ್ದರೆ ತುಳಿದ ಬಲದ ಒಂದು ಪಾಲು ವ್ಯರ್ಥ. ಲೈನಿಂಗೋ ಕ್ಯಾಮೋ ಸವೆದಿದೆ ಎಂದರ್ಥ. ಕ್ಯಾಮಿಗೆ ಗ್ರೀಸು ಬೆರಳ ತುದಿಯಷ್ಟು ಸಾಕು. ಚೈನೂ ಡ್ರಮ್ಮೂ ಒಂದೇ ಬದಿಗಿರುವುದರಿಂದ ಚೈನಿಗೆ ಸುರಿದ ಹೆಚ್ಚಿನ ಎಣ್ಣೆ ಲೈನಿಂಗಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೆ ಗುಣವಾಗದು, ಬದಲಿಸಬೇಕು.

ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಪುಪ್ಪುಸಕ್ಕೆ ಹೊಕ್ಕರೆ ಹಲವು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಡ್ರಮ್ಮು ಬಿಚ್ಚಿದಾಗ ಬಾಯಿಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಧೂಳು ಊದಬಾರದು. ಒದ್ದೆ ಅರಿವೆಯಿಂದ ಒರೆಸಿ ಆ ಅರಿವೆಯನ್ನು ಚೀಲದಲ್ಲಿ ಕಟ್ಟಿ ಒಗೆಯಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಹೇಳುವುದು ಹಿರಿಯರ ಕರ್ತವ್ಯ.

ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಸ್ವಾತಂತ್ರ್ಯವಿಲ್ಲ. ಸವೆದ ಭಾಗದ ಬದಲು ಅದೇ ಅಳತೆಯ ಉತ್ತಮ ಭಾಗ ಹಾಕುವುದು ದುರಸ್ತಿ. ಗಾಲಿಯ ನಡುಭಾಗವನ್ನೇ ತೆಗೆದು, ಹಿಂದಿನ ಚೌಕಟ್ಟಿಗೆ ಕೊಂಡಿ ಬೆಸೆದು ಡಿಸ್ಕ್ ಬ್ರೇಕು ಕೂಡಿಸುವುದು ಬೇರೆ ಮಾತು. ಅಪಘಾತವಾದಾಗ ವಿಮೆಯವರು ಎತ್ತುವ ಮೊದಲ ಪ್ರಶ್ನೆ ಇದೇ ಆಗಬಹುದು. ಇದಲ್ಲದೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಕಾಪಾಡಿದ ವಾಹನಕ್ಕೆ ‘ವಿ.ಎ.’ ಅಕ್ಷರಗಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸಲು ಬರುವುದಿಲ್ಲ. ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದವಕ್ಕೆ ಮಾತ್ರ. ಮುಂದೆ ಆ ದಾರಿ ಹಿಡಿಯಬೇಕೆನ್ನುವವರು ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಇಟ್ಟುಕೊಳ್ಳಲಿ.

ಕಡೆಯ ಸೂಚನೆಗಳು

ಕೆಲಸ ಮುಗಿದ ಕೂಡಲೇ ಘಾಟಿಗೆ ಹೊರಡಬಾರದು. ಮೊದಲು ಗಾಲಿಯನ್ನು ಮೇಲೆತ್ತಿ ಕೈಯಿಂದ ಸುತ್ತಿಸಿ, ಚೈನು ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲಾಗುತ್ತದೆಯೋ ನೋಡಬೇಕು. ಹಾಗೆ ಆದರೆ ಬಳೆ ಮಧ್ಯದಲ್ಲಿ ಕೂತಿಲ್ಲ, ಕೆಲಸ ಮರಳಿ ಆಗಬೇಕು. ಚೈನಿನ ನಡುಭಾಗದಲ್ಲಿ 25ರಿಂದ 30 ಮಿ.ಮೀ. ಏರಿಳಿತವಿರಲಿ. ಆಮೇಲೆ ಒಣಗಿದ ಖಾಲಿ ಮೈದಾನದಲ್ಲಿ ತಾಸಿಗೆ 30 ಕಿಲೋಮೀಟರ್ ವೇಗದಿಂದ ಹತ್ತಾರು ಸಲ ಮೆತ್ತಗೆ ನಿಲ್ಲಿಸಿ, ನಡುನಡುವೆ ಆರಲು ಬಿಟ್ಟು, ಲೈನಿಂಗು ಮೈಗೆ ಹೊಂದುವಂತೆ ಮಾಡಬೇಕು. 50 ಕಿಲೋಮೀಟರ್ ಆದ ಮೇಲೊಮ್ಮೆ, 200 ಆದ ಮೇಲೊಮ್ಮೆ ಬೋಲ್ಟುಗಳನ್ನೂ ಪಿನ್ನುಗಳನ್ನೂ ನೋಡಬೇಕು. ಮುಂದೆ ಪ್ರತಿ ಮಳೆಗಾಲದ ಮೊದಲು ಒಮ್ಮೆ ಡ್ರಮ್ಮು ಬಿಚ್ಚಿ ಒರೆಸಿದರೆ ಸಾಕು.

ಈ ಕೆಲಸಕ್ಕೆ ಬೇಕಾದ ಲೇತು, ಉಕ್ಕು, ಅದನ್ನು ಗಟ್ಟಿಗೊಳಿಸುವ ಕುಲುಮೆ, ಎಲ್ಲಕ್ಕೂ ಮೇಲಾಗಿ ತಿಳಿದ ಕೈಗಳು ಕೊಲ್ಹಾಪುರದ ಉದ್ಯಮನಗರದಲ್ಲಿವೆ. ಆ ಕೈಗಳಲ್ಲಿ ಕೆಲವು ನಮ್ಮ ಶಾಲೆಯ ಪಾಟಿಯ ಮೇಲೆ ಅಕ್ಷರ ತಿದ್ದಿದ ಕೈಗಳೇ ಎಂಬುದು ನನಗೆ ಹೆಮ್ಮೆ. ಗಾಡಿಯ ಮಾಲೀಕರು ಅವರಲ್ಲಿಗೆ ಹೋಗುವಾಗ “ಬ್ರೇಕು ಸರಿಮಾಡಿ” ಎಂದಷ್ಟೇ ಹೇಳಿ ಗಾಡಿ ಬಿಟ್ಟು ಬರಬಾರದು. ಹಲ್ಲು ಎಷ್ಟು, ಚೈನಿನ ಉದ್ದ ಎಷ್ಟು, ಡ್ರಮ್ಮಿನ ಒಳಅಳತೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೆಲಸವಾದ ಮೇಲೆ ಅದೇ ಚೀಟಿಯ ಇನ್ನೊಂದು ಬದಿಗೆ ಹೊಸ ಅಳತೆ ಬರೆಸಿಕೊಂಡು ಬರಲಿ. ಆ ಚೀಟಿ ಗಾಡಿಯ ಕಾಗದಪತ್ರಗಳ ಜೊತೆಗೆ ಇರಲಿ. ಮುಂದಿನ ಸಲ ಡ್ರಮ್ಮು ಬಿಚ್ಚುವವರು ನೀವಾಗಿರಲಿ, ನಿಮ್ಮ ಮಕ್ಕಳಾಗಿರಲಿ, ಲೋಹ ಎಷ್ಟು ಉಳಿದಿದೆ ಎಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ.